ಕಂಪ್ಯೂಟರಿಗೆ ಹೊದಿಸಿದ ಕಂಬಳಿ

ಮಧುಗಿರಿಯ ಚಳಿಯನ್ನು ಹೊರಗಿನವರು ನಂಬುವುದಿಲ್ಲ. ಬಂಡೆ, ಬಿಸಿಲು, ಹುಣಸೆಮರ, ಅಲ್ಲಿ ಎಂಥ ಚಳಿ ಎಂದು ನಗುತ್ತಾರೆ. ನಮ್ಮ ಹೈಸ್ಕೂಲಿನ ಮೂಲೆ ಕೋಣೆಯಲ್ಲಿ ಧನುರ್ಮಾಸದ ಒಂದು ಬೆಳಗ್ಗೆ ಕೂತಿದ್ದರೆ ಹಾಗೆ ನಗುತ್ತಿರಲಿಲ್ಲ. ಬೆಟ್ಟದ ನೆರಳು ಆ ಕೋಣೆಯನ್ನು ಬಿಟ್ಟು ಸರಿಯುವಷ್ಟರಲ್ಲಿ ಗಂಟೆ ಹತ್ತೂವರೆ ಆಗುತ್ತಿತ್ತು. ಮಳೆಗಾಲದಲ್ಲಿ ಕುಡಿದ ನೀರನ್ನು ಗೋಡೆ ಸಂಕ್ರಾಂತಿಯವರೆಗೂ ಬಿಡುತ್ತಿರಲಿಲ್ಲ. ಗೋಡೆ ಮುಟ್ಟಿದರೆ ಕೈಗೆ ಸುಣ್ಣವೂ ಹತ್ತುತ್ತಿತ್ತು, ಒದ್ದೆಯೂ ಆಗುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಲೆಗೆ ಒಂದು ಕಂಪ್ಯೂಟರು ಬಂದಾಗ, ಅದನ್ನು ಭದ್ರವಾದ ಕೋಣೆಯಲ್ಲಿಡಬೇಕು ಎಂಬ ಆದೇಶವೂ ಜೊತೆಗೇ ಬಂತು. ಇಡೀ ಶಾಲೆಯಲ್ಲಿ ಬೀಗ ನೆಟ್ಟಗೆ ಬೀಳುತ್ತಿದ್ದ ಕೋಣೆ ಅದೊಂದೇ.

ನಾನು ಕೊರಟಗೆರೆಯವಳು, ವಿಜ್ಞಾನ ಮತ್ತು ಗಣಿತದ ಟೀಚರು. ಆಗ ಮೂವತ್ತೆರಡು ವರ್ಷ. ಶಾಲೆಯ ಹಿಂದಿನ ಬೀದಿಯ ವಠಾರದಲ್ಲಿ ಒಬ್ಬಳೇ ಇದ್ದೆ. ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಮೂರು ವಾರ ತರಬೇತಿ ಮುಗಿಸಿಕೊಂಡು ಬಂದಿದ್ದ ನನಗೇ ಯಂತ್ರದ ಜವಾಬ್ದಾರಿ ಬಿತ್ತು. ಹೆಡ್‌ಮಾಸ್ಟರು ಪಾವಗಡದ ಕಡೆಯವರು, ಅರ್ಧ ಕನ್ನಡ ಅರ್ಧ ತೆಲುಗು. ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, "ಜಾಗ್ರತ್ತ ಅಮ್ಮಾ, ಇದಕ್ಕೇನಾದ್ರೂ ಆದ್ರೆ ನಿಮ್ಮನ್ನೇ ಕೇಳೋದು" ಎಂದು ಬಾಗಿಲ ಬಳಿಯೇ ನಿಂತು ಒಳಗೆ ಇಣುಕಿ ನೋಡಿ ಹೋದರು. ಆಮೇಲೆ ಅವರು ಆ ಕೋಣೆಗೆ ಕಾಲಿಟ್ಟಿದ್ದು ನನಗೆ ನೆನಪಿಲ್ಲ.

ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ತೇವ ತಾಗಬಾರದು. ತಣ್ಣಗಿರುವ ತಂಬಿಗೆಯ ಹೊರಮೈಯಲ್ಲಿ ನೀರು ಕೂರುವ ಹಾಗೆ, ರಾತ್ರಿಯೆಲ್ಲ ತಣ್ಣಗಾದ ಯಂತ್ರದೊಳಗೂ ಬೆಳಗಿನ ಬಿಸಿಯುಸಿರು ತಾಕಿದರೆ ಹನಿ ಕೂರುತ್ತದೆ. ಆ ಹನಿ ಒಳಗಿನ ಬೋರ್ಡಿನ ಮೇಲೆ ನಿಂತಾಗ ಸ್ವಿಚ್ಚು ಹಾಕಿದರೆ ಮುಗಿಯಿತು. ಹಾಕದಿದ್ದರೂ ಹಿತ್ತಾಳೆ ಕೊಡಕ್ಕೆ ಹತ್ತುವ ಹಾಗೆ ತಾಮ್ರದ ಕಾಲುಗಳಿಗೆ ಕಿಲುಬು ಹತ್ತುತ್ತದೆ. ಹಾಗಾಗಿ ನಾನು ಪಡದ ಪಾಡಿಲ್ಲ. ಯಂತ್ರದ ಡಬ್ಬದಲ್ಲಿ ಬಂದಿದ್ದ ನೀಲಿ ಹರಳಿನ ಪುಟ್ಟ ಚೀಲಗಳು ತೇವ ಕುಡಿದು ನಸುಗೆಂಪಾದರೆ, ಹರಳು ಸುರಿದು ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತಿದ್ದೆ. ತೇವ ಹೀರಲೆಂದು ಮೂಲೆಗಳಲ್ಲಿ ಸುಟ್ಟಸುಣ್ಣ ತುಂಬಿದ ತೆಂಗಿನ ಚಿಪ್ಪು, ಮೇಜಿನ ಕೆಳಗೆ ಇದ್ದಿಲು. ಕರೆಂಟು ಇದ್ದಾಗ ಅರವತ್ತು ಕ್ಯಾಂಡಲಿನ ಒಂದು ಬಲ್ಬನ್ನು ಮೇಜಿನ ಪಕ್ಕ ಉರಿಯಲು ಬಿಡುತ್ತಿದ್ದೆ. ಬಿಸಿಲು ಕೋಣೆಗೆ ಬೀಳುವವರೆಗೆ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ.

ಇದನ್ನೆಲ್ಲ ನೋಡುತ್ತ, ಕೇಳಿದ್ದನ್ನು ತಂದುಕೊಡುತ್ತ ಇದ್ದವರು ನಮ್ಮ ಶಾಲೆಯ ಜವಾನರು. ಸಿರಾ ತಾಲ್ಲೂಕು, ಪಟ್ಟನಾಯಕನಹಳ್ಳಿಯ ಪಕ್ಕದ ಊರು. ಕುರಿ ಕಾಯ್ದು ಕಂಬಳಿ ನೇಯ್ದ ಮನೆತನ. ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬಳೇ ಮಗಳು ಊರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದಳು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸೋಮವಾರ ಬೆಳಗ್ಗೆ ಬೆಲ್ಲು ಹೊಡೆಯುವ ಹೊತ್ತಿಗೆ ಬಂದಿರುತ್ತಿದ್ದರು. ನನ್ನ ಅಪ್ಪನ ವಯಸ್ಸಿನವರನ್ನು ನಾನು 'ಏನಯ್ಯಾ' ಎನ್ನುತ್ತಿದ್ದೆ. ಎಲ್ಲ ಟೀಚರುಗಳೂ ಹಾಗೇ ಅನ್ನುತ್ತಿದ್ದರು. ಅದಕ್ಕೆ ಈಗ ಇಲ್ಲಿ 'ಅವರು' ಎಂದು ಬರೆಯುವಾಗ ನನಗೇ ನಾಚಿಕೆ, ತಡವಾಗಿ ಕೊಟ್ಟ ಮರ್ಯಾದೆ ಯಾರಿಗೆ ಬೇಕು?

ನಾನು ಹರಳು ಹುರಿಯುವುದನ್ನು ಮೊದಲ ಸಲ ನೋಡಿದಾಗ ಅವರು ಕೇಳಿದ್ದರು: "ಇದೇನು ಟೀಚರಮ್ಮ, ಕಲ್ಸಕ್ಕರೆ ಹುರೀತಿದೀರಾ?"

ವಿವರಿಸಿದೆ. ಕಿಲುಬಿನ ಮಾತು ಬಂದಾಗ ಅವರ ಮುಖ ಅರಳಿತು. "ಅಯ್ಯೋ, ಕಿಲುಬಿಗೆ ಹೆದರ್ತಾರಾ? ಒಂದಿಡಿ ಹುಣಸೇಹಣ್ಣು ಹಾಕಿ ತಿಕ್ಕಿ ಕೊಟ್ಬುಡ್ತೀನಿ, ಹೊಸಾದ್ರಂಗೆ ಹೊಳೀತದೆ." ಹತ್ತನೇ ತರಗತಿಯ ಮಕ್ಕಳೊಂದಿಗೆ ನಾನೂ ನಕ್ಕೆ. ಅವರೂ ನಕ್ಕರು. ನಮ್ಮಿಬ್ಬರ ನಡುವೆ ಆಗ ಎಲ್ಲ ಸರಿಯಿತ್ತು.

ಆ ವರ್ಷ ಚಳಿ ಬೇಗ ಬಂತು. ಯಂತ್ರದೊಂದಿಗೆ ಬಂದಿದ್ದ ಪ್ಲಾಸ್ಟಿಕ್ ಹೊದಿಕೆ ಒಳಗೇ ಬೆವರುತ್ತಿತ್ತು, ಬೆಳಗ್ಗೆ ತೆಗೆದರೆ ಒಳಮೈಯಲ್ಲಿ ಸಣ್ಣ ಹನಿಗಳು. ಅದನ್ನು ಬಿಸಾಡಿ ನನ್ನದೊಂದು ಹತ್ತಿಯ ದುಪ್ಪಟಿ ಹಾಕಿದೆ. ಅದು ಬೆಳಗಾಗುವಷ್ಟರಲ್ಲಿ ತಣ್ಣಗೆ ಜೋತುಬಿದ್ದಿರುತ್ತಿತ್ತು. ಒಂದು ಬೆಳಗ್ಗೆ ಸ್ವಿಚ್ಚು ಹಾಕಿದರೆ ಪರದೆ ಬೆಳಗಲಿಲ್ಲ. ಹತ್ತು ನಿಮಿಷ ನಾನು ಮೇಜಿಗೆ ತಲೆಯಿಟ್ಟು ಕೂತೆ. ಆಮೇಲೆ ಬಿಸಿಲು ಬಂತು, ಅದೂ ಬೆಳಗಿತು. ಆದರೆ ನನ್ನ ಕಣ್ಣು ಕೆಂಪಾಗಿದ್ದುದನ್ನು ಅವರು ನೋಡಿಬಿಟ್ಟಿದ್ದರು.

"ಟೀಚರಮ್ಮ, ನಮ್ ಕಡೆ ಕುರಿಮರಿ ಚಳಿಗೆ ನಡುಗಿದ್ರೆ ಕಂಬ್ಳಿ ಒಳಕ್ಕೆ ಹಾಕ್ಕಂತೀವಿ. ಮ್ಯಾಲೆ ಮಳೆ ಸುರೀತಿದ್ರೂ ಒಳಗೆ ಬೆಚ್ಚಗಿರ್ತದೆ. ಇದಕ್ಕೂ ಒಂದು ಹೊದಿಸಿದ್ರೆ ಹೆಂಗೆ?"

ಯಾವುದಾದರೂ ಹಳೇ ಕಂಬಳಿ ತರುತ್ತಾರೆ ಎಂದುಕೊಂಡು ಹೂಂ ಎಂದೆ. ಸೋಮವಾರ ಅವರು ತಂದದ್ದು ಹೊಚ್ಚ ಹೊಸದು. ಕರೀ ಮರಿ ಉಣ್ಣೆ, ಎರಡೂ ಕಡೆ ಬಿಳೀ ಅಂಚು, ಮಡಿಕೆ ಬಿಚ್ಚಿದರೆ ಹಲಗೆಯ ಹಾಗೆ ಗಡುಸು. "ಇಷ್ಟು ಹೊಸದು ಯಾಕೆ ತಂದೆಯಯ್ಯಾ?" ಎಂದೆ.

"ನಾವು ಹೊದ್ದಿರೋದ್ನ ಸರಸ್ವತಿಗೆ ಹಾಕಾಕಾಯ್ತದಾ? ಇದಕ್ಕೆ ನೀರು ಕೂಡ ತಾಕಿಲ್ಲ. ನಮ್ ಹುಡುಗಿ ಮದ್ವೆಗೆ ಹಾಸಾಕೆ ಇಟ್ಟಿರೋದು. ಅವಳವ್ವ ನೂತಿದ್ದು ಕಣಮ್ಮ, ಕೊನೇ ನೂಲು. ಅವಳು ಹೋದ ಮ್ಯಾಲೆ ನಾನೇ ಮಗ್ಗಕ್ಕಾಕಿ ನೇಯ್ದೆ. ಮಾಘದಾಗೆ ಮದ್ವೆ. ಅಲ್ಲೀಗಂಟ ಪೆಟ್ಟಿಗೆಯಾಗೆ ಮಲಗಿರೋ ಬದ್ಲು ಇಲ್ಲಿರ್ಲಿ ಬುಡಿ."

ಈ ಮಾತನ್ನು ಅವರು ನನಗೆ ಹೇಳಿದ್ದರು, ಬಾಯಿಬಿಟ್ಟು ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಯಾವತ್ತೂ ಹೇಳಿಕೊಳ್ಳುವಂತಿಲ್ಲ. ಅವರ ಕುಲದಲ್ಲಿ ಮದುವೆಯ ದಿನ ನೀರು ತಾಕದ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹರಡಿ, ಹೆಣ್ಣು ಗಂಡನ್ನು ಜೊತೆಯಾಗಿ ಕೂರಿಸಿ ಧಾರೆ ಎರೆಯುತ್ತಾರೆ. ತಾಯಿಯಿಲ್ಲದ ಆ ಹುಡುಗಿ ತಾಯಿಯ ನೂಲಿನ ಮೇಲೆ ಕೂರಬೇಕು ಎಂಬುದು ಅಪ್ಪ ಮಗಳಿಬ್ಬರ ಆಸೆಯಾಗಿತ್ತು. ನಾನು ಆಗ ಇನ್ಸ್‌ಪೆಕ್ಷನ್ನಿನ ಯೋಚನೆಯಲ್ಲಿದ್ದೆ. "ಸರಿ, ಹೊದಿಸು" ಎಂದೆ, ಅಷ್ಟೇ.

ಹತ್ತು ದಿನ ಕಂಬಳಿ ಚೆನ್ನಾಗಿ ಕೆಲಸ ಮಾಡಿತು. ಸಂಜೆ ಅವರೇ ಹೊದಿಸುವುದು, ಬೆಳಗ್ಗೆ ಬಿಸಿಲು ಬಂದ ಮೇಲೆ ಅವರೇ ತೆಗೆಯುವುದು. ಯಂತ್ರದ ಮೈ ಮುಟ್ಟಿದರೆ ಒಣಗಿರುತ್ತಿತ್ತು. ನಾನು ಹರಳು ಹುರಿಯುವುದನ್ನೂ ಬಿಟ್ಟೆ. ಆಮೇಲೆ ಮದ್ರಾಸಿನ ಕಡೆ ಸೈಕ್ಲೋನ್ ಎದ್ದು ನಮ್ಮಲ್ಲಿ ಮೂರು ದಿನ ಮೋಡ, ತುಂತುರು, ಮೂಳೆಗಿಳಿಯುವ ಥಂಡಿ. ಭಾನುವಾರಕ್ಕೆ ರಜೆಯೂ ಕೂಡಿಬಂದು ಶಾಲೆ ಮುಚ್ಚಿತ್ತು. ಕಂಬಳಿ ಮೂರು ದಿನ ಯಂತ್ರದ ಮೇಲೇ ಉಳಿಯಿತು.

ಕಂಬಳಿ ನೇಯುವವರಿಗೆಲ್ಲ ಗೊತ್ತಿರುವ, ವಿಜ್ಞಾನದ ಟೀಚರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಮಗ್ಗದ ಮೇಲೆ ನೂಲು ಹರಿಯದಿರಲಿ ಎಂದು ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು ಅದರಿಂದಲೇ. ಹೊದೆಯುವ ಮುಂಚೆ ಕೆರೆಯ ತಣ್ಣೀರಿನಲ್ಲಿ ತುಳಿದು ಆ ಗಂಜಿ ಬಿಡಿಸುತ್ತಾರೆ. ಇದು ಧಾರೆಯ ಕಂಬಳಿ, ಆದ್ದರಿಂದ ಅದನ್ನು ತುಳಿದಿರಲಿಲ್ಲ. ಪೂಜೆಗೆ ಯೋಗ್ಯವಾದದ್ದೇ ಬೇಕೆಂದು ಅವರು ತಂದ ಕಂಬಳಿಯಿಂದ ಗಂಜಿಯ ಪುಡಿ ಉದುರಿ, ಥಂಡಿಗೆ ಅಂಟಾಗಿ, ಕೀಬೋರ್ಡಿನ ಸಂದುಗೊಂದಿಗೆಲ್ಲ ಇಳಿದಿತ್ತು.

ಮಂಗಳವಾರ ಸ್ವಿಚ್ಚು ಹಾಕಿದೆ. ಒಂದು ಅಕ್ಷರ ಒತ್ತಿದರೆ ಕೀಲಿ ಮೇಲೇಳದೆ ಪರದೆ ತುಂಬ ಅದೇ ಅಕ್ಷರ ಓಡಿತು. ಇನ್ನೊಂದು ಒತ್ತಿದರೆ ಏನೂ ಇಲ್ಲ. ಕೀಲಿಗಳ ನಡುವೆ ಬೂದುಬಣ್ಣದ ಬೂಷ್ಟು ಕೂತಿತ್ತು, ಹುಳಿ ವಾಸನೆ ಬರುತ್ತಿತ್ತು. ಗುರುವಾರ ಇನ್ಸ್‌ಪೆಕ್ಷನ್. ನನ್ನ ಹಿಂದೆ ಹತ್ತನೇ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದರು. ಬಾಗಿಲಲ್ಲಿ ಅವರು, ಕೈಯಲ್ಲಿ ಮಡಿಸಿದ ಕಂಬಳಿ.

ನಾನು ಆ ಕಂಬಳಿಯನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದೆ.

"ಇದೇನು ಕುರಿಹಟ್ಟಿ ಅಂದ್ಕೊಂಡಿದ್ದೀಯೇನಯ್ಯಾ? ನಿನ್ನ ಕುರಿಬುದ್ಧಿ ತಂದು ನನ್ನ ತಲೆ ಮೇಲೆ ಹೇರಿದೆಯಲ್ಲ!"

ಇನ್ನೂ ಅಂದೆ, ಎಲ್ಲವನ್ನೂ ಇಲ್ಲಿ ಬರೆಯಲಾರೆ. ಅವರು ಅಂಗಳಕ್ಕಿಳಿದು ಕಂಬಳಿ ಎತ್ತಿಕೊಂಡರು. ಅಂಗಳದ ಕೆಸರು ಒಂದು ಮೂಲೆಗೆ ಹತ್ತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತಾ, "ತಪ್ಪಾಯ್ತು ಟೀಚರಮ್ಮ, ಗಂಜಿ ಇಂಗೆ ಮಾಡ್ತದೆ ಅಂತ ಗೊತ್ತಾಗ್ಲಿಲ್ಲ" ಎಂದರು. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಆ ಮಕ್ಕಳಲ್ಲಿ ಅರ್ಧದಷ್ಟು ಕುರಿಹಟ್ಟಿಯಿಂದಲೇ ಬರುತ್ತಿದ್ದವರು.

ಮರುದಿನ ತುಮಕೂರಿನಿಂದ ಮೆಕ್ಯಾನಿಕ್ಕು ಬಂದ. ಕೀಬೋರ್ಡು ಬಿಚ್ಚಿ ನೋಡಿ, "ಯಾರ್ರೀ ಇದಕ್ಕೆ ಅಂಬಲಿ ಕುಡಿಸಿದ್ದು?" ಎಂದು ನಕ್ಕ. ಸ್ಪಿರಿಟ್ಟು, ಹತ್ತಿ, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು. ಒಂದು ಗಂಟೆಯ ಕೆಲಸ. ಬೋರ್ಡಿಗೆ ಏನೂ ಆಗಿರಲಿಲ್ಲ. ಕಂಬಳಿ ಒಳಗನ್ನು ಒಣಗಿಸಿಯೇ ಇಟ್ಟಿತ್ತು ಎಂದು ಅವನೇ ಹೇಳಿದ. ಗುರುವಾರ ಸಾಹೇಬರು ಬಂದರು, ಒಬ್ಬ ಹುಡುಗಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿ ತೋರಿಸಿದಳು, ಸಾಹೇಬರು ಟೀ ಕುಡಿದು ಹೋದರು. ಆ ಯಂತ್ರ ಮುಂದೆ ಎರಡು ವರ್ಷವೂ ನಡೆಯಲಿಲ್ಲ. ಅದಕ್ಕಿಂತ ಹೊಸದು ಬಂತು, ಇದು ಸ್ಟೋರ್ ರೂಮಿಗೆ ಹೋಗಿ ಮುರಿದ ಬೆಂಚುಗಳ ಕೆಳಗೆ ಸೇರಿತು. ನಾನು ಅಷ್ಟೊಂದು ಕೂಗಾಡಿದ್ದು ಅದಕ್ಕಾಗಿ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯಿದೆ. ನನ್ನ ವಿಷಯದಲ್ಲಿ ಅದೂ ಸುಳ್ಳಾಯಿತು, ನಾನು ಮೂಗು ಕೊಯ್ದದ್ದು ಕೋಪ ಇಳಿದ ಮೇಲೆ.

ಗುರುವಾರ ಸಂಜೆ ಯಂತ್ರದ ಮುಂದೆ ಕೂತಾಗ ನಾನಾಡಿದ ಮಾತುಗಳು ಒಂದೊಂದಾಗಿ ಕಿವಿಗೆ ಬಿದ್ದವು. ಕ್ಷಮಿಸಿ ಎನ್ನಬೇಕಿತ್ತು. ಟೀಚರು ಜವಾನರ ಹತ್ತಿರ ಕ್ಷಮಿಸಿ ಎಂದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಿದೆ. ಕಂಬಳಿ ಅವರ ಸ್ಟೂಲಿನ ಮೇಲಿತ್ತು, ಕೆಸರಿನ ಕಲೆ ಒಣಗಿ ಬಿಳಿಚಿತ್ತು. "ಕೊಡು, ನಾನು ಒಗೆದು ಕೊಡ್ತೀನಿ" ಎಂದೆ.

ಅವರು ಗಾಬರಿಯಾದರು. "ಬ್ಯಾಡಿ ಟೀಚರಮ್ಮ, ಅದನ್ನ ಒಗಿಯಂಗಿಲ್ಲ. ಒಣಗಿದ ಮ್ಯಾಲೆ ಕೆಸ್ರು ತಾನೇ ಉದುರ್ತದೆ. ನಾನು ನೋಡ್ಕಂತೀನಿ ಬುಡಿ."

ಅವರಿಗೆ ಇನ್ನೂ ಮುನಿಸು ಇದೆ, ಅದಕ್ಕೇ ಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ತಪ್ಪನ್ನು ತೊಳೆಯುವ ಆತುರದಲ್ಲಿ ಅವರ ಮಾತು ನನಗೆ ಕೇಳಲೇ ಇಲ್ಲ. ಶುಕ್ರವಾರ ಅವರು ಟಪಾಲು ಹಾಕಲು ಹೋಗಿದ್ದಾಗ ಕಂಬಳಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಹಂಡೆಯಲ್ಲಿ ನೀರು ಕಾಯಿಸಿದೆ, ಕೈ ಇಡಲಾಗದಷ್ಟು. ವಾಷಿಂಗ್ ಸೋಡಾ ಹಾಕಿದೆ. ಕಂಬಳಿಯನ್ನು ಅದರಲ್ಲಿ ಮುಳುಗಿಸಿ, ಕೋಲಿನಿಂದ ತಿರುವಿ, ಆಮೇಲೆ ಒಗೆಯುವ ಕಲ್ಲಿಗೆ ಎತ್ತಿ ಎತ್ತಿ ಬಡಿದೆ. ಗಂಜಿಯೆಲ್ಲ ಬಿಟ್ಟು ನೀರು ಮಜ್ಜಿಗೆಯಂತಾಯಿತು. ನನಗೆ ತುಂಬ ಸಮಾಧಾನವಾಗುತ್ತಿತ್ತು. ಬೆವರು ಸುರಿಸಿ ಕೆಲಸ ಮಾಡಿದೆ, ಇದು ಕ್ಷಮಿಸಿ ಎಂಬುದಕ್ಕಿಂತ ದೊಡ್ಡದು ಎಂದುಕೊಂಡೆ.

ಶನಿವಾರ ಬೆಳಗ್ಗೆ ತಂತಿಯ ಮೇಲಿಂದ ತೆಗೆದಾಗ ಬೇರೆ ಯಾರದೋ ಕಂಬಳಿ ಎನಿಸಿತು. ಅಂಗೈ ದಪ್ಪ, ಚಿಕ್ಕದು, ಅಂಚುಗಳು ಸೊಟ್ಟ. ಎರಡು ಕೈಯಿಂದ ಎಳೆದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆದೆ. ಬಿಸಿನೀರು ತಾಕಿದರೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಯಂತ್ರದ ಒಳಗೆ ಒಂದು ಹನಿ ಕೂರದಂತೆ ನೋಡಿಕೊಳ್ಳುವುದು ಗೊತ್ತಿದ್ದ ನನಗೆ ಇಷ್ಟು ಗೊತ್ತಿರಲಿಲ್ಲ. ಆ ಮನೆಯ ಅಡುಗೆಕೋಣೆಯಲ್ಲಿ ನಿಂತು ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅವತ್ತೇ ತೆಗೆದುಕೊಂಡು ಹೋಗಿ ಕೊಟ್ಟೆ. ಬಸ್ಸಿಗೆ ಹೊರಟಿದ್ದರು, ಕೈಚೀಲ ಕೆಳಗಿಟ್ಟು ಬಿಚ್ಚಿ ನೋಡಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟು ಮೊಳ ಹಾಕಿದರು. ಆರು ಮೊಳ ಇದ್ದದ್ದು ನಾಲ್ಕಕ್ಕೂ ಒಂದು ಗೇಣು ಕಡಿಮೆ. ಮತ್ತೊಮ್ಮೆ ಹಾಕಿದರು. ಬೈಯಲಿ, ನನ್ನ ಮುಖಕ್ಕೆ ಎಸೆಯಲಿ ಎಂದು ಕಾಯುತ್ತಿದ್ದೆ.

"ಮಿಶಿನ್ನು ಓಡ್ತದಾ ಟೀಚರಮ್ಮ?" ಎಂದು ಕೇಳಿದರು.

"ಓಡುತ್ತೆ" ಎಂದೆ.

"ಅಷ್ಟಾದ್ರೆ ಸಾಕು ಬುಡಿ."

"ಸಿರಾ ಸಂತೆಯಲ್ಲಿ ಇದಕ್ಕಿಂತ ಒಳ್ಳೇದು ತಂದುಕೊಡ್ತೀನಿ" ಎಂದೆ.

ಕಂಬಳಿಯನ್ನು ಮಡಿಸುತ್ತಾ ಹೇಳಿದರು: "ಕಂಬ್ಳಿ ನೇಯಾಕೆ ನಂಗೂ ಬತ್ತದೆ ಕಣಮ್ಮ. ಅವಳ ಕೈ ನೂಲು ಎಲ್ಲಿಂದ ತರಾನ?" ಸಿಟ್ಟಿನಿಂದ ಅಂದದ್ದಲ್ಲ, ನನಗೇನಾದರೂ ಉತ್ತರ ಗೊತ್ತಿದೆಯೇ ಎಂದು ಕೇಳಿದ ಹಾಗಿತ್ತು. ಆಮೇಲೆ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಮದುವೆಗೆ ಕರೆಯಲಾರರು ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ನನ್ನ ಮೇಜಿನ ಮೇಲೆಯೇ ಅರಿಶಿನ ಹಚ್ಚಿದ ಪತ್ರಿಕೆ ಇಟ್ಟು, "ನೀವು ಬರ್ಲೇಬೇಕು" ಎಂದರು. ಹೋದೆ. ಒಂದು ಸ್ಟೀಲ್ ಕೊಳಗ ಹಿಡಿದುಕೊಂಡು ಸಿರಾದಲ್ಲಿ ಬಸ್ಸು ಬದಲಿಸಿ ಹೋದೆ. ಚಪ್ಪರದಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಟೀಚರಮ್ಮ ಬಂದವ್ರೆ, ಟೀಚರಮ್ಮ ಬಂದವ್ರೆ ಎಂದು ಹೆಂಗಸರು ಮಕ್ಕಳನ್ನು ಸರಿಸಿ ಜಾಗ ಮಾಡಿದರು. ಸ್ವಲ್ಪ ಹೊತ್ತಿಗೆ ಯಾರೋ ಪಕ್ಕದ ಮನೆಯಿಂದ ಎರವಲು ತಂದ ಒಂದು ಕಂಬಳಿಯನ್ನು ಹಸೆಯ ಜಾಗದಲ್ಲಿ ಹಾಸಿದರು.

ಹುಡುಗಿಯನ್ನು ಕರೆದುಕೊಂಡು ಬಂದರು. ಬಾಸಿಂಗ ಕಟ್ಟಿದ ತಲೆ ಬಗ್ಗಿಸಿ ಬಂದವಳು ಕಂಬಳಿಯ ಮುಂದೆ ನಿಂತುಬಿಟ್ಟಳು.

"ಅಪ್ಪಯ್ಯ, ಅವ್ವನ ಕಂಬ್ಳಿ ಎಲ್ಲಿ?"

ಅವರು ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದರು. "ಪೆಟ್ಟಿಗೆಯಾಗೆ ಇಲಿ ಕಡ್ದುಬುಡ್ತು ಕಣಮ್ಮ. ನಾನು ನೋಡ್ಕಳ್ಲಿಲ್ಲ."

ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವರು ನನ್ನ ಕಡೆ ನೋಡಿ, ಯಾರಿಗೂ ಕಾಣದಷ್ಟು ಸಣ್ಣಗೆ ತಲೆಯಾಡಿಸಿದರು, ಬೇಡ ಎಂದು. ನಾನು ಕೂತುಕೊಂಡೆ. ಕೂತುಕೊಳ್ಳಲು ನನಗೆ ಅಷ್ಟೇ ಬೇಕಿತ್ತು.

"ಅವ್ವ ಸಾಯಾಕೆ ಬಿದ್ದಾಗ್ಲೂ ಮಲಗ್ಕಂಡೇ ನೂತ್ಲು" ಎಂದಳು ಹುಡುಗಿ. ದನಿ ಏರಲಿಲ್ಲ. "ನಿನ್ ಕೈಗೆ ಕೊಟ್ಟು ಹೋಗಿದ್ದು ಅದೊಂದೇ ಅಲ್ವಾ? ಅದೊಂದ್ನ ಕಾಯಾಕಾಗ್ಲಿಲ್ವಾ ನಿಂಗೆ?" ಅವರು ತಟ್ಟೆಯ ಅಕ್ಕಿಯನ್ನೇ ನೋಡುತ್ತಿದ್ದರು. ಆ ಅಪ್ಪನನ್ನು ಸುತ್ತಲಿನ ಹೆಂಗಸರೂ ಒಂದೆರಡು ಮಾತು ಅಂದರು, ಗಂಡಸರಿಗೆ ಏನು ಗೊತ್ತಾಗುತ್ತದೆ ಎಂದು.

ಹುಡುಗಿ ನನ್ನ ಕಡೆ ತಿರುಗಿದಳು. ಚಪ್ಪರದಲ್ಲಿ ಓದಿದವಳು ನಾನೊಬ್ಬಳೇ, ನ್ಯಾಯ ಹೇಳಬಲ್ಲವಳು ಎಂದುಕೊಂಡಿರಬೇಕು. "ನೀವೇ ಹೇಳಿ ಟೀಚರಮ್ಮ, ಒಂದು ಕಂಬ್ಳಿ ಕಾಯೋದು ಅಷ್ಟು ಕಷ್ಟನಾ?"

"ಆಗಿದ್ದು ಆಗಿಹೋಯ್ತು ಬಿಡಮ್ಮ" ಎಂದೆ. "ಒಳ್ಳೇ ದಿನ ಕಣ್ಣೀರು ಹಾಕಬಾರದು."

ಅವಳು ಕಣ್ಣೊರೆಸಿಕೊಂಡು ನನ್ನ ಕಾಲಿಗೆ ನಮಸ್ಕಾರ ಮಾಡಿ, ಅಪ್ಪನ ಕಡೆ ನೋಡದೆ, ಎರವಲು ಕಂಬಳಿಯ ಮೇಲೆ ಹೋಗಿ ಕೂತಳು.